ಮಗು ಹೇಳಿದ್ದನ್ನು ಕೇಳಿಸಿಕೊಳ್ಳುವುದು: ಸರ್ಕಾರಿ ಶಾಲೆಯ ಶಿಸ್ತು ಮತ್ತು ಸುರಕ್ಷತೆ



ಈ ಉಪನ್ಯಾಸದ ದತ್ತಿಯನ್ನು ಇಟ್ಟವರು ಒಬ್ಬ ಪ್ರಾಥಮಿಕ ಶಾಲಾ ಶಿಕ್ಷಕಿಯ ಮಕ್ಕಳು. ತಾಯಿಯ ಹೆಸರಿನಲ್ಲಿ ಗುಡಿಗೆ ಗಂಟೆ ಕೊಡಿಸಬಹುದಿತ್ತು, ಬಸ್ ನಿಲ್ದಾಣಕ್ಕೆ ಕಲ್ಲುಬೆಂಚು ಹಾಕಿಸಬಹುದಿತ್ತು. ಅದನ್ನು ಬಿಟ್ಟು, ವರ್ಷಕ್ಕೊಮ್ಮೆ ಒಂದು ಗಂಟೆ ಶಾಲೆಯ ಬಗ್ಗೆ ಯೋಚಿಸೋಣ ಎಂದು ಹಣ ಇಟ್ಟಿದ್ದಾರೆ. ಆ ಒಂದು ಗಂಟೆಯನ್ನು ನನ್ನ ಕೈಗೆ ಕೊಟ್ಟಿದ್ದೀರಿ. ಮೂವತ್ತಕ್ಕೂ ಹೆಚ್ಚು ವರ್ಷ ಮಲೆನಾಡಿನ ಮತ್ತು ಬಯಲುಸೀಮೆಯ ಸರ್ಕಾರಿ ಶಾಲೆಗಳಲ್ಲಿ ಕೆಲಸ ಮಾಡಿದವಳು ನಾನು. ವಿದ್ವತ್ತಿನ ಅಧಿಕಾರದಿಂದ ಮಾತಾಡಲಾರೆ. ಕಂಡದ್ದನ್ನು ಮತ್ತು ಅದರ ಬಗ್ಗೆ ಓದಿ ತಿಳಿದದ್ದನ್ನು ಹೇಳಬಲ್ಲೆ.

ವಿಷಯದ ಎಲ್ಲೆಯನ್ನು ಮೊದಲೇ ಹೇಳಿಬಿಡುತ್ತೇನೆ. ಶಾಲೆಯ ಶಿಸ್ತು ಎಂದರೆ ಇಲಾಖೆಯಲ್ಲಿ ಒಂದು ಸುತ್ತೋಲೆ, ಸುರಕ್ಷತೆ ಎಂದರೆ ಇನ್ನೊಂದು ಸುತ್ತೋಲೆ. ಎರಡಕ್ಕೂ ಬೇರೆ ಕಡತ, ಬೇರೆ ತರಬೇತಿ. ಇವೆರಡೂ ಒಂದೇ ಎಂಬುದು ನನ್ನ ಮಾತು. ಯಾವ ಶಾಲೆಯಲ್ಲಿ ಹೆದರಿಕೆಯೇ ಶಿಸ್ತಾಗಿದೆಯೋ ಆ ಶಾಲೆಯಲ್ಲಿ ಅಪಾಯದ ಸುದ್ದಿ ದೊಡ್ಡವರ ಕಿವಿಗೆ ಬೀಳುವುದಿಲ್ಲ. ಮೊದಲು ‘ಶಿಸ್ತು’ ಎಂಬ ಪದ, ಆಮೇಲೆ ಬೆತ್ತ ಮತ್ತು ಕಾನೂನು, ಅದಾದ ಮೇಲೆ ನಮ್ಮ ದೇಶ ಕಂಡ ಕೆಲವು ದುರಂತಗಳು, ಕೊನೆಗೆ ಶಾಲೆಯ ಒಳಗೆ ನಮ್ಮ ಕೈಲಿ ಆಗುವ ಕೆಲಸ, ಈ ಕ್ರಮದಲ್ಲಿ ಮಾತಾಡುತ್ತೇನೆ. ನನ್ನ ಮಾತೆಲ್ಲ ಸರ್ಕಾರಿ ಶಾಲೆಯನ್ನು ಕುರಿತದ್ದು. ಬೇರೆ ಆಯ್ಕೆ ಇಲ್ಲದ ಮನೆಯ ಮಕ್ಕಳು ಬರುವುದು ಅಲ್ಲಿಗೇ.

ಪದದಿಂದ ಶುರು ಮಾಡುತ್ತೇನೆ. ನಮ್ಮ ಶಿವಮೊಗ್ಗ ಸೀಮೆಯಲ್ಲಿ ಶಿಸ್ತು ಎಂದ ಕೂಡಲೇ ಹಳಬರ ಬಾಯಲ್ಲಿ ಬರುವ ಹೆಸರು ಕೆಳದಿಯ ಶಿವಪ್ಪ ನಾಯಕನದು. 1645ರಿಂದ 1660ರವರೆಗೆ ಆಳಿದ ಆತ ಜಾರಿಗೆ ತಂದ ಭೂಕಂದಾಯದ ಏರ್ಪಾಟಿಗೆ ‘ಶಿಸ್ತು’ ಎಂದೇ ಹೆಸರು. ‘ಶಿಸ್ತಿನ ಶಿವಪ್ಪ ನಾಯಕ’ ಎಂದು ನಾವು ಮಕ್ಕಳಿಗೆ ಕಲಿಸುತ್ತೇವೆ. ಬಹಳ ಕಟ್ಟುನಿಟ್ಟಿನ ರಾಜನಿದ್ದಿರಬೇಕು ಎಂದು ಮಕ್ಕಳು ತಿಳಿಯುತ್ತಾರೆ. ಅನೇಕ ವರ್ಷ ನಾನೂ ಹಾಗೇ ತಿಳಿದಿದ್ದೆ. ಆತ ಮಾಡಿದ್ದನ್ನು ಓದಿದಾಗ ನನಗೆ ಬೇರೆಯೇ ಒಂದು ಅರ್ಥ ಹೊಳೆಯಿತು. ಬಗೆಬಗೆಯ ಜಮೀನನ್ನು ಆರಿಸಿ, ಸರ್ಕಾರದ ಖರ್ಚಿನಲ್ಲೇ ಹನ್ನೆರಡು ವರ್ಷ ಸಾಗುವಳಿ ಮಾಡಿಸಿದ. ಎಷ್ಟು ಬೀಜ ಬಿತ್ತನೆಯಾಯಿತು, ಎಷ್ಟು ಖರ್ಚಾಯಿತು, ಎಷ್ಟು ಬೆಳೆ ಬಂತು ಎಂದು ಲೆಕ್ಕ ಇಡಿಸಿದ. ಭೂಮಿಯನ್ನು ಉತ್ತಮದಿಂದ ಹಿಡಿದು ಐದು ದರ್ಜೆಗಳಾಗಿ ವಿಂಗಡಿಸಿದ. ಅದಾದ ಮೇಲೆ ಕಂದಾಯ ಗೊತ್ತುಮಾಡಿದ. ಮಣ್ಣನ್ನು ತಿಳಿಯದೆ ರೈತನಿಂದ ಇಷ್ಟು ಕೊಡು ಎಂದು ಕೇಳಲಿಲ್ಲ.

ಶಾಲೆಯಲ್ಲಿ ನಾವು ನಡೆದುಕೊಂಡದ್ದು ಇದಕ್ಕೆ ತಿರುಗುಮುರುಗಾಗಿ. ಮಗು ಎಲ್ಲಿಂದ ನಡೆದು ಬಂತು, ಬೆಳಿಗ್ಗೆ ತಿಂದಿತೇ, ಮನೆಯಲ್ಲಿ ರಾತ್ರಿ ನಿದ್ದೆ ಮಾಡುವಷ್ಟು ನೆಮ್ಮದಿ ಇತ್ತೇ ಎಂಬ ಲೆಕ್ಕ ನಮ್ಮ ಬಳಿ ಇಲ್ಲ. ಹತ್ತು ಗಂಟೆಗೆ ಪ್ರಾರ್ಥನೆಯ ಸಾಲಿನಲ್ಲಿ ನೆಟ್ಟಗೆ ನಿಲ್ಲಬೇಕು, ಉಗುರು ಕತ್ತರಿಸಿರಬೇಕು, ಮಗ್ಗಿ ಬಾಯಿಗೆ ಬರಬೇಕು. ಕಂದಾಯ ಮಾತ್ರ ಗೊತ್ತುಮಾಡಿದ್ದೇವೆ. ಇಂದು ನಾನು ಶಿಸ್ತು ಎನ್ನುವಾಗಲೆಲ್ಲ ಶಿವಪ್ಪ ನಾಯಕನ ಆ ಅಳತೆಯ ಅರ್ಥವನ್ನು ನೆನಪಿನಲ್ಲಿಟ್ಟುಕೊಳ್ಳಿ ಎಂದು ಬೇಡುತ್ತೇನೆ.

ಇನ್ನು ಎರಡನೆಯ ಭಾಗಕ್ಕೆ, ಬೆತ್ತದ ವಿಷಯಕ್ಕೆ ಬರುತ್ತೇನೆ.

‘ಛಡಿ ಛಂ ಛಂ, ವಿದ್ಯಾ ಘಂ ಘಂ’ ಎಂಬ ಗಾದೆಯನ್ನು ಈ ಸಭೆಯಲ್ಲಿ ಕೇಳದವರು ಇರಲಿಕ್ಕಿಲ್ಲ. ಅದಕ್ಕೂ ಹಿಂದಿನ ಕೂಲಿಮಠಗಳಲ್ಲಿ ಕೋದಂಡ ಎಂಬ ಶಿಕ್ಷೆ ಇತ್ತು. ತೊಲೆಗೆ ಹಗ್ಗ ಕಟ್ಟಿ ಹುಡುಗನನ್ನು ಜೋತುಬಿಡುತ್ತಿದ್ದರು. ನನ್ನ ಅಜ್ಜ ಅದನ್ನು ಕಣ್ಣಾರೆ ಕಂಡವರು. ಹೇಳುವಾಗ ನಗುತ್ತಿದ್ದರು, ಆದರೆ ತಾವೂ ಜೋತಿದ್ದಿರಾ ಎಂದು ನಾನು ಕೇಳಿದ ದಿನ ಉತ್ತರ ಕೊಡಲಿಲ್ಲ. ನಮ್ಮ ಕಾಲಕ್ಕೆ ಕೋದಂಡ ಹೋಗಿ ನಾಗರಬೆತ್ತ, ಹುಣಸೆ ಬರಲು, ಬಸ್ಕಿ, ಬೆಂಚಿನ ಮೇಲೆ ನಿಲ್ಲಿಸುವುದು, ಬೆರಳ ಸಂದಿಗೆ ಪೆನ್ಸಿಲ್ ಇಟ್ಟು ಅದುಮುವುದು ಉಳಿದವು. ಇವುಗಳಲ್ಲಿ ಕೆಲವನ್ನು ನಾನೂ ಮಾಡಿದ್ದೇನೆ. ಪೆಟ್ಟು ತಿಂದೇ ನಾವು ಮನುಷ್ಯರಾದೆವು ಎಂದು ಹೇಳುವ ಹಿರಿಯರ ಮಾತಿನಲ್ಲಿ ಅಭಿಮಾನವಿದೆ, ಗುರುವಿನ ಮೇಲಿನ ಪ್ರೀತಿಯೂ ಇದೆ. ಆದರೆ ಹಾಗೆ ಹೇಳುವವರು ಶಾಲೆಯಲ್ಲಿ ಉಳಿದವರು. ಪೆಟ್ಟಿಗೆ ಹೆದರಿ ಮೂರನೇ ಈಯತ್ತೆಗೇ ಶಾಲೆ ಬಿಟ್ಟು ದನ ಕಾಯಲು ಹೋದವರು ಇಂಥ ಸಭೆಗಳಿಗೆ ಬಂದು ಸಾಕ್ಷಿ ಹೇಳುವುದಿಲ್ಲ.

ಕಾನೂನು ಬಂದ ದಾರಿಯನ್ನು ಚಿಕ್ಕದಾಗಿ ಹೇಳುತ್ತೇನೆ. ಮಕ್ಕಳ ಹಕ್ಕುಗಳ ವಿಶ್ವಸಂಸ್ಥೆಯ ಒಡಂಬಡಿಕೆಯನ್ನು ಭಾರತ 1992ರ ಡಿಸೆಂಬರ್‌ನಲ್ಲಿ ಒಪ್ಪಿಕೊಂಡಿತು. ಶಾಲೆಯ ಶಿಸ್ತು ಮಗುವಿನ ಘನತೆಗೆ ಕುಂದು ತರುವಂತಿರಬಾರದು ಎಂಬುದು ಅದರ 28ನೇ ವಿಧಿಯಲ್ಲೇ ಇದೆ. 2000ದಲ್ಲಿ ದೆಹಲಿ ಹೈಕೋರ್ಟ್ ತನ್ನ ವ್ಯಾಪ್ತಿಯ ಶಾಲೆಗಳ ನಿಯಮದಲ್ಲಿದ್ದ ದೈಹಿಕ ಶಿಕ್ಷೆಯ ಅವಕಾಶವನ್ನು ರದ್ದುಮಾಡಿತು. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿತು. ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಆ ಎರಡನೆಯ ಮಾತನ್ನು, ಮಾನಸಿಕ ಕಿರುಕುಳ ಎಂಬುದನ್ನು, ನಾವು ಓದಿದರೂ ಮನಸ್ಸಿಗೆ ತೆಗೆದುಕೊಳ್ಳಲಿಲ್ಲ.

ಕಾನೂನು ಯಾಕೆ ಬೇಕಾಯಿತು ಎನ್ನುವುದಕ್ಕೆ ಅಂಕಿಗಳಿವೆ. ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 13 ರಾಜ್ಯಗಳಲ್ಲಿ ನಡೆಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶಾಲೆಗೆ ಹೋಗುವ ಮಕ್ಕಳಲ್ಲಿ ಶೇ. 65ರಷ್ಟು, ಅಂದರೆ ಮೂವರಲ್ಲಿ ಇಬ್ಬರು, ತಮಗೆ ದೈಹಿಕ ಶಿಕ್ಷೆಯಾಗಿದೆ ಎಂದರು. ಕಾಯ್ದೆ ಜಾರಿಗೆ ಬರುವ ಹೊತ್ತಿನಲ್ಲಿ ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ ಏಳು ರಾಜ್ಯಗಳಲ್ಲಿ 6,632 ಮಕ್ಕಳನ್ನು ಕೇಳಿತು. ಯಾವ ಬಗೆಯ ಶಿಕ್ಷೆಯೂ ಆಗಿಲ್ಲ ಎಂದವರು ಒಂಬತ್ತು ಮಂದಿ. ಆಯೋಗ ಬರಿಯ ಪೆಟ್ಟನ್ನಲ್ಲದೆ ಬೈಗುಳವನ್ನೂ ಎಣಿಸಿತ್ತು, ಆದ್ದರಿಂದ ಸಂಖ್ಯೆ ಅಷ್ಟು ದೊಡ್ಡದಾಗಿ ಕಾಣುತ್ತದೆ ಎಂದು ಒಬ್ಬ ಸಹೋದ್ಯೋಗಿ ನನ್ನ ಬಳಿ ವಾದಿಸಿದರು. ನಿಜ. ಆದರೆ ‘ನಿನ್ನ ತಲೆಯಲ್ಲಿ ಸಗಣಿ ತುಂಬಿದೆಯಾ’ ಎಂಬ ಮಾತು, ಅದರಲ್ಲೂ ಮಗುವಿನ ಕೇರಿಯನ್ನೋ ಅಪ್ಪನ ಕಸುಬನ್ನೋ ಎತ್ತಿ ಆಡಿದ ಮಾತು, ಬಾಸುಂಡೆಗಿಂತ ಬೇಗ ಮಾಯುತ್ತದೆ ಎಂದು ಹೇಳಲು ನನ್ನ ಅನುಭವ ಒಪ್ಪುವುದಿಲ್ಲ. ಬೆತ್ತ ಬಿಟ್ಟ ಮೇಲೆ ನಮ್ಮಲ್ಲಿ ಎಷ್ಟೋ ಮಂದಿಯ ನಾಲಿಗೆ ಬೆತ್ತದ ಕೆಲಸಕ್ಕೆ ನಿಂತಿತು. ಇದನ್ನು ನಾವು ನಾವೇ ಸೇರಿದಾಗಲಾದರೂ ಒಪ್ಪಿಕೊಳ್ಳಬೇಕು.

ಶಿಕ್ಷಕರ ಅಳಲೂ ಸುಳ್ಳಲ್ಲ. ಕೋಲನ್ನು ಕಿತ್ತುಕೊಂಡಿರಿ, ಅದರ ಜಾಗಕ್ಕೆ ಏನನ್ನೂ ಕೊಡಲಿಲ್ಲ ಎಂದು ಅವರು ಹೇಳುತ್ತಾರೆ. ಕಾಯ್ದೆಯ ಪ್ರಕಾರ ಕಿರಿಯ ತರಗತಿಗಳಲ್ಲಿ ಅರುವತ್ತು ಮಕ್ಕಳವರೆಗೆ ಇಬ್ಬರು ಶಿಕ್ಷಕರಿರಬೇಕು. ಇಬ್ಬರಲ್ಲಿ ಒಬ್ಬರು ಸಭೆಗೋ ತರಬೇತಿಗೋ ಹೋದ ದಿನ ಐದು ತರಗತಿಗಳ ಮಕ್ಕಳು ಒಬ್ಬರ ಮುಂದೆ ಕೂತಿರುತ್ತಾರೆ. ಅದೇ ಹೊತ್ತಿಗೆ ಬಿಸಿಯೂಟದ ಲೆಕ್ಕ ಬರೆಯಬೇಕು, ಆನ್‌ಲೈನ್‌ನಲ್ಲಿ ಹಾಜರಿ ಏರಿಸಬೇಕು, ನೆಟ್‌ವರ್ಕ್ ಸಿಗದೆ ದಿಬ್ಬ ಹತ್ತಬೇಕು. ಆ ಹೊತ್ತಿನಲ್ಲಿ ಗದ್ದಲ ಎದ್ದರೆ ಎಂಥ ಸಾಧುವಿನ ಕೈಯೂ ಕೋಲನ್ನು ಹುಡುಕುತ್ತದೆ. ಒಬ್ಬ ಶಿಕ್ಷಕಿಗೆ ಐದು ತರಗತಿ ಕೊಟ್ಟು ಶಿಸ್ತಿನ ಉಪದೇಶ ಮಾಡುವುದು ನ್ಯಾಯವಲ್ಲ. ಈ ಮಾತನ್ನು ಇಲ್ಲಿ ಕುಳಿತಿರುವ ಅಧಿಕಾರಿಗಳ ಮುಂದೆ ಸ್ಪಷ್ಟವಾಗಿಯೇ ಹೇಳುತ್ತಿದ್ದೇನೆ.

ಈಗ ನನ್ನದೇ ಒಂದು ಕತೆ. ಮುಂದಿನ ಭಾಗಕ್ಕೆ ಅದೇ ದಾರಿ.

ನಾನು ಮುಖ್ಯಶಿಕ್ಷಕಿಯಾಗಿದ್ದ ಒಂದು ಶಾಲೆಯಲ್ಲಿ ಆಟದ ಬಯಲಿನ ಹಿಂದೆ, ಹಳೆಯ ಮೂತ್ರಾಲಯದ ಆಚೆ, ಜಂಬಿಟ್ಟಿಗೆಯ ಒಂದು ಗೋಡೆಯಿತ್ತು. ಅತ್ತ ಹೋಗಬಾರದು ಎಂದು ನಾನೇ ಕಟ್ಟಪ್ಪಣೆ ಮಾಡಿದ್ದೆ. ಪೊದೆ ಇದೆ, ಹಾವು ಇರಬಹುದು ಎಂಬ ಕಾರಣಕ್ಕೆ. ನನ್ನ ಬೀರುವಿನ ಮೇಲೆ ಬೆತ್ತ ಇತ್ತು. ಹೊಡೆಯುವುದನ್ನು ಹೆಚ್ಚುಕಡಿಮೆ ಬಿಟ್ಟಿದ್ದೆ, ಬೆತ್ತವನ್ನು ಮಾತ್ರ ಕಾಣುವ ಹಾಗೆ ಇಟ್ಟಿದ್ದೆ. ಶಾಲೆ ಬಹಳ ಶಿಸ್ತಿನಿಂದ ಇತ್ತು. ಬಂದ ಅಧಿಕಾರಿಗಳು ಹೊಗಳಿ ಸಂದರ್ಶಕರ ಪುಸ್ತಕದಲ್ಲಿ ಬರೆದಿದ್ದರು. ಒಂದು ಜುಲೈ ತಿಂಗಳ ಭಾನುವಾರ ಆ ಗೋಡೆ ಮಳೆಗೆ ನೆನೆದು ಬಿತ್ತು. ಭಾನುವಾರವಾದ್ದರಿಂದ ಅಲ್ಲಿ ಯಾರೂ ಇರಲಿಲ್ಲ. ಸೋಮವಾರ ಮಕ್ಕಳನ್ನು ಸೇರಿಸಿ, ದೇವರು ದೊಡ್ಡವನು ಎಂದೆ. ಆಗ ನಾಲ್ಕನೇ ತರಗತಿಯ ಹುಡುಗಿಯೊಬ್ಬಳು ಪಕ್ಕದವಳಿಗೆ ಪಿಸುಗುಟ್ಟಿದಳು. ಏನೆಂದು ಕೇಳಿದೆ. ಬಹಳ ಹೊತ್ತು ಬಾಯಿ ಬಿಡಲಿಲ್ಲ. ಆಮೇಲೆ ಹೇಳಿದಳು: ಗೋಡೆ ಬಿರುಕು ಬಿಟ್ಟಿದ್ದು ಎರಡು ವಾರದಿಂದ ಅವರಿಗೆಲ್ಲ ಗೊತ್ತಿತ್ತು. ಬಿರುಕಿನೊಳಗೆ ಕೈ ಹಾಕಿ ನೋಡಿದ್ದರು. ಹೇಳಲಿಲ್ಲವೇಕೆ ಎಂದರೆ, ‘ಅಲ್ಲಿಗೆ ಯಾಕೆ ಹೋಗಿದ್ರಿ ಅಂತ ಬೈತೀರಿ ಟೀಚರ್.’

ಮಾನ್ಯರೇ, ಶಿಸ್ತಿನ ಶಾಲೆ ಎಂದು ಹೊಗಳಿಸಿಕೊಂಡ ಶಾಲೆಯಲ್ಲಿ ಐವತ್ತಕ್ಕೂ ಹೆಚ್ಚು ಮಕ್ಕಳಿಗೆ ಗೊತ್ತಿದ್ದ ಅಪಾಯ ಮುಖ್ಯಶಿಕ್ಷಕಿಗೆ ಗೊತ್ತಿರಲಿಲ್ಲ. ನಾನು ಮಾಡಿದ ನಿಯಮ ಮಕ್ಕಳ ಕಾಲನ್ನು ತಡೆಯಲಿಲ್ಲ, ಬಾಯನ್ನು ತಡೆಯಿತು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಇಲ್ಲಿಂದ ಮೂರನೆಯ ಭಾಗ, ಸುರಕ್ಷತೆ. ಕೆಲವು ಘಟನೆಗಳು ಕಹಿಯಾಗಿವೆ. ಇನ್ನು ಕೆಲವೇ ತಿಂಗಳಲ್ಲಿ ತರಗತಿಗೆ ಕಾಲಿಡಲಿರುವ ಪ್ರಶಿಕ್ಷಣಾರ್ಥಿಗಳು ಇವನ್ನು ತಿಳಿಯದೆ ಶಾಲೆಗೆ ಹೋಗಬಾರದು ಎಂಬ ಕಾರಣಕ್ಕೆ ಹೇಳುತ್ತೇನೆ.

2004ರ ಜುಲೈ 16ರಂದು ತಮಿಳುನಾಡಿನ ಕುಂಭಕೋಣದ ಶಾಲೆಯೊಂದರ ಅಡುಗೆಮನೆಯಲ್ಲಿ ಹತ್ತಿದ ಬೆಂಕಿ ಮೇಲಂತಸ್ತಿನ ಗರಿಯ ಮಾಡಿಗೆ ಹಬ್ಬಿತು. 94 ಮಕ್ಕಳು ಸತ್ತರು. ಕಿರಿದಾದ ಮೆಟ್ಟಿಲು, ಕಿಕ್ಕಿರಿದ ಕೋಣೆ, ಉರಿಯುವ ಮಾಡು, ಇವು ಯಾವುವೂ ಆ ದಿನ ಹೊಸದಾಗಿ ಹುಟ್ಟಿದವಲ್ಲ. ದಿನವೂ ಎಲ್ಲರ ಕಣ್ಣೆದುರು ಇದ್ದವು. ಆ ದುರಂತದ ಬೆನ್ನಿಗೆ ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2009ರಲ್ಲಿ ತೀರ್ಪು ಕೊಡುತ್ತ, ಶಿಕ್ಷಣದ ಹಕ್ಕಿನಲ್ಲಿ ಸುರಕ್ಷಿತ ಶಾಲೆಯ ಹಕ್ಕೂ ಸೇರಿದೆ ಎಂದಿತು. ಬೆಂಕಿ ನಂದಿಸುವ ಸಲಕರಣೆ ಮತ್ತು ಅದನ್ನು ಬಳಸುವ ತರಬೇತಿ ಶಾಲೆಗಳಲ್ಲಿ ಇರಬೇಕೆಂದು ವಿಧಿಸಿತು. ನಮ್ಮ ಅನೇಕ ಶಾಲೆಗಳಲ್ಲಿ ಆ ಕೆಂಪು ಸಿಲಿಂಡರ್ ಈಗ ಗೋಡೆಯ ಮೇಲಿದೆ. ಅದರ ಪಿನ್ ಎಳೆದು ನೋಡಿದ ಶಿಕ್ಷಕರು ಎಷ್ಟು ಮಂದಿ ಎಂದು ಇಲ್ಲಿ ಕೈ ಎತ್ತಿಸಿ ನಿಮ್ಮನ್ನು ಮುಜುಗರಪಡಿಸಲಾರೆ.

ಅದೇ ಜುಲೈ 16, ಒಂಬತ್ತು ವರ್ಷಗಳ ನಂತರ. 2013ರಲ್ಲಿ ಬಿಹಾರದ ಸಾರಣ ಜಿಲ್ಲೆಯ ಹಳ್ಳಿಯೊಂದರ ಸರ್ಕಾರಿ ಶಾಲೆಯಲ್ಲಿ ಬಿಸಿಯೂಟ ಉಂಡ 23 ಮಕ್ಕಳು ಸತ್ತರು. ಊಟದಲ್ಲಿ ಮೊನೊಕ್ರೊಟೊಫಾಸ್ ಎಂಬ ಕೀಟನಾಶಕ ಸೇರಿತ್ತು. ಎಣ್ಣೆಯ ವಾಸನೆ ಸರಿಯಿಲ್ಲ ಎಂದು ಅಡುಗೆಯವರು ಹೇಳಿದ್ದರು, ರುಚಿ ಕೆಟ್ಟಿದೆ ಎಂದು ಮಕ್ಕಳೂ ಹೇಳಿದ್ದರು ಎಂದು ಆಗ ಪತ್ರಿಕೆಗಳಲ್ಲಿ ವರದಿಯಾಯಿತು. ಮುಖ್ಯಶಿಕ್ಷಕಿಗೆ 2016ರಲ್ಲಿ ಶಿಕ್ಷೆಯಾಯಿತು. ಶಿಕ್ಷಕರು ರುಚಿ ನೋಡಿದ ಮೇಲೆಯೇ ಬಡಿಸಬೇಕು ಎಂಬ ನಿಯಮ ಈಗ ಇದೆ, ರುಚಿ ನೋಡಿದ್ದನ್ನು ಬರೆದಿಡುವ ಪುಸ್ತಕವೂ ಇದೆ. ನಮ್ಮ ರಾಜ್ಯದಲ್ಲಿ 2002ರಲ್ಲಿ ಶುರುವಾದ ಅಕ್ಷರ ದಾಸೋಹ ಬಡವರ ಮಕ್ಕಳನ್ನು ಶಾಲೆಯಲ್ಲಿ ಉಳಿಸಿದ ಬಹು ದೊಡ್ಡ ಕೆಲಸ. ಅದರ ಮೇಲೆ ನನಗೆ ತುಂಬಾ ಗೌರವವಿದೆ. ಆದ್ದರಿಂದಲೇ ಕೇಳುತ್ತೇನೆ: ತಟ್ಟೆ ಮುಂದಿಟ್ಟುಕೊಂಡ ಮಗು ‘ಟೀಚರ್, ಸಾರು ಒಂಥರಾ ಇದೆ’ ಎಂದಾಗ, ‘ಸೊಕ್ಕು, ಸುಮ್ಮನೆ ತಿನ್ನು’ ಎಂಬ ಮಾತು ನಮ್ಮ ಬಾಯಿಂದ ಬಂದಿಲ್ಲವೇ? ಅನ್ನಕ್ಕೆ ಹೆಸರಿಡಬಾರದು ಎಂಬ ಸಂಸ್ಕಾರ ದೊಡ್ಡದು. ಆದರೆ ಬೆಂದ ಅನ್ನದ ಬಗ್ಗೆ ಮಗು ಹೇಳುವುದನ್ನು ಒಮ್ಮೆ ನಾಲಿಗೆಯ ಮೇಲಿಟ್ಟು ನೋಡಿದರೆ ಆ ಸಂಸ್ಕಾರಕ್ಕೆ ಧಕ್ಕೆಯಾಗದು.

ಮೂರನೆಯದು ನಮ್ಮ ಗುಂಡ್ಲುಪೇಟೆಗೆ ಹತ್ತಿರದ, ಗಡಿಯಾಚೆಯ ಸುಲ್ತಾನ್ ಬತ್ತೇರಿಯದು. 2019ರ ನವೆಂಬರ್‌ನಲ್ಲಿ ಅಲ್ಲಿನ ಸರ್ಕಾರಿ ಶಾಲೆಯ ಐದನೇ ತರಗತಿಯ ಬಾಲಕಿಗೆ ತರಗತಿಯ ಒಳಗೇ, ನೆಲದ ಬಳಿಯ ಬಿಲದಿಂದ ಹಾವು ಕಚ್ಚಿತು. ಏನೋ ಕಚ್ಚಿತು ಎಂದು ಆ ಮಗು ಹೇಳಿತು, ಜೊತೆಯ ಮಕ್ಕಳೂ ಹೇಳಿದರು, ಆಸ್ಪತ್ರೆಗೆ ಒಯ್ಯುವುದು ತಡವಾಯಿತು, ಮಗು ಉಳಿಯಲಿಲ್ಲ. ತರಗತಿಯೊಳಗೆ ಚಪ್ಪಲಿ ಹಾಕಲು ಬಿಡುತ್ತಿರಲಿಲ್ಲ ಎಂದು ಆ ಮಕ್ಕಳು ಆಮೇಲೆ ಮಾಧ್ಯಮದ ಮುಂದೆ ಹೇಳಿದರು. ಚಪ್ಪಲಿ ಹೊರಗೆ ಸಾಲಾಗಿ ಬಿಡುವುದು ನಮ್ಮ ಎಷ್ಟು ಶಾಲೆಗಳಲ್ಲಿ ಶಿಸ್ತಿನ ಮೊದಲ ಪಾಠ! ನಾನೂ ಕಲಿಸಿದ್ದೇನೆ. ನೆಲ ಸಾರಿಸಿ, ಬಿಲ ಮುಚ್ಚಿ, ಆಮೇಲೆ ಚಪ್ಪಲಿ ಬಿಡಿಸಬೇಕಿತ್ತು. ಮಣ್ಣಿನ ಅಳತೆ ಮೊದಲು, ಕಂದಾಯ ಆಮೇಲೆ.

ಈ ಮೂರರಲ್ಲಿ ಎರಡು ಕಡೆ ಯಾರೋ ಬಾಯಿಬಿಟ್ಟು ಹೇಳಿದ್ದರು. ಹೇಳಿದವರು ಅಡುಗೆಯವರು ಮತ್ತು ಮಕ್ಕಳು, ಅಂದರೆ ಶಾಲೆಯೊಳಗೆ ಯಾರ ಮಾತಿಗೆ ತೂಕ ಕಡಿಮೆಯೋ ಅವರು.

ನಮ್ಮ ಕರಾವಳಿ ಮತ್ತು ಮಲೆನಾಡಿನಲ್ಲಿ ಶಾಲೆಯ ಅಪಾಯ ಶಾಲೆಯ ಗೇಟಿಗಿಂತ ಮೊದಲೇ ಶುರುವಾಗುತ್ತದೆ. ಅಡಿಕೆ ಮರ ಅಡ್ಡ ಹಾಕಿದ ಕಾಲುಸಂಕ, ಕೆಳಗೆ ಕೆಂಪು ನೀರು. 2022ರ ಆಗಸ್ಟ್‌ನಲ್ಲಿ ಬೈಂದೂರು ತಾಲೂಕಿನಲ್ಲಿ ಎರಡನೇ ತರಗತಿಯ ಬಾಲಕಿ ಶಾಲೆಯಿಂದ ಮರಳುವಾಗ ಕಾಲುಸಂಕದಿಂದ ಜಾರಿ ಕೊಚ್ಚಿಹೋದಳು. ಜಿಲ್ಲಾಧಿಕಾರಿಗಳು ಮಳೆಗೆ ರಜೆ ಕೊಡುವುದು ಒಳ್ಳೆಯದೇ. ಆದರೆ ರಜೆ ತಾಲೂಕಿಗೆ ಸಿಗುತ್ತದೆ, ಹಳ್ಳ ಉಕ್ಕುವುದು ಒಂದು ಮನೆಯ ಹಿತ್ತಿಲಲ್ಲಿ. ಯಾವ ಮಗು ಯಾವ ಸಂಕ ದಾಟಿ ಬರುತ್ತದೆ ಎಂಬ ಪಟ್ಟಿ ಹಾಜರಿ ಪುಸ್ತಕದ ಹಿಂದಿನ ಪುಟದಲ್ಲಿ ಇರಬೇಕು. ಮೋಡ ಕಟ್ಟಿದ ಮಧ್ಯಾಹ್ನ ಆ ಮಕ್ಕಳನ್ನು ಮೊದಲು ಬಿಡುವ, ಇಲ್ಲವೇ ಬಿಡದೆ ಇಟ್ಟುಕೊಂಡು ಮನೆಯವರನ್ನು ಕರೆಸುವ ಸ್ವಾತಂತ್ರ್ಯ ಶಿಕ್ಷಕರಿಗೆ ಇರಬೇಕು. ಅದಕ್ಕೆ ಯಾರೂ ನೋಟಿಸು ಕೊಡಬಾರದು.

ಹೇಳಲು ಕಷ್ಟವಾದ ಇನ್ನೊಂದು ವಿಷಯವಿದೆ. ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳ ವಿರುದ್ಧದ ಪೋಕ್ಸೋ ಕಾಯ್ದೆ 2012ರ ನವೆಂಬರ್ 14ರಿಂದ ಜಾರಿಯಲ್ಲಿದೆ. ಅಂಥ ಅಪರಾಧ ನಡೆದಿದೆ ಎಂದು ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು ಎಂದು ಅದರ 19ನೇ ಕಲಂ ಹೇಳುತ್ತದೆ. ತಿಳಿಸದಿದ್ದರೆ ಅದೇ ಒಂದು ಅಪರಾಧ. ಶಾಲೆಯ ಮರ್ಯಾದೆ ಎಂಬ ನೆಪ ಅಲ್ಲಿ ನಡೆಯುವುದಿಲ್ಲ. 1098 ಎಂಬ ಮಕ್ಕಳ ಸಹಾಯವಾಣಿ ಸಂಖ್ಯೆಯನ್ನು ಗೋಡೆಯ ಮೇಲೆ ಬರೆದಿದ್ದೇವೆ. ಆದರೆ ಮಗು ಮೊದಲು ನೋಡುವುದು ಗೋಡೆಯನ್ನಲ್ಲ, ಟೀಚರ ಮುಖವನ್ನು. ಮನೆಪಾಠ ಬರೆಯದಿದ್ದರೆ ಬೆಂಚಿನ ಮೇಲೆ ನಿಲ್ಲಿಸುವವಳ ಬಳಿ, ಪೆನ್ಸಿಲ್ ಕಳೆದುಹೋಯಿತು ಎನ್ನಲೂ ಹೆದರುವ ಹುಡುಗಿ, ಬಂಧುವೊಬ್ಬ ಹೀಗೆ ಮಾಡಿದ ಎಂದು ಹೇಳುತ್ತಾಳೆಯೇ? ಚಿಕ್ಕ ತಪ್ಪನ್ನು ಹೆದರದೆ ಹೇಳಲು ಬಿಟ್ಟ ಕಡೆ ಮಾತ್ರ ದೊಡ್ಡ ನೋವನ್ನು ಹೇಳುವ ಧೈರ್ಯ ಹುಟ್ಟುತ್ತದೆ.

ಇನ್ನು ಕೊನೆಯ ಭಾಗ. ಶಾಲೆಯ ಒಳಗೆ ನಮ್ಮ ಕೈಲಿ ಏನಾಗುತ್ತದೆ?

ಬೇರೆ ದೇಶದ ಉದಾಹರಣೆ ನಮಗೆ ಬೇಕಿಲ್ಲ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಸರ್ಕಾರಿ ಶಾಲೆಯ ಶಿಕ್ಷಕರೇ, ರಿಷಿ ವ್ಯಾಲಿ ಶಾಲೆಯ ಪದ್ಧತಿಯನ್ನು ನೋಡಿ ಬಂದು, ಯೂನಿಸೆಫ್ ನೆರವಿನಿಂದ ‘ನಲಿ ಕಲಿ’ಯನ್ನು ಕಟ್ಟಿದರು. 2009-10ರ ಹೊತ್ತಿಗೆ ಅದು ರಾಜ್ಯದ ಉದ್ದಗಲಕ್ಕೆ ಹಬ್ಬಿತು. ಕಲಿಕೆಯ ಗುಣಮಟ್ಟದ ಬಗ್ಗೆ ಚರ್ಚೆಗಳಿವೆ, ಇರಲಿ. ನಾನು ಹೇಳಹೊರಟದ್ದು ಅದರ ಶಿಸ್ತಿನ ಬಗ್ಗೆ. ಮಕ್ಕಳು ಸಾಲಿನಲ್ಲಿ ಕೂರುವುದಿಲ್ಲ, ಗುಂಪುಗಳಲ್ಲಿ ಚಾಪೆಯ ಮೇಲೆ ಕೂರುತ್ತಾರೆ. ಒಂದು ಗುಂಪಿಗೆ ಟೀಚರ ಪೂರ್ತಿ ಬೆಂಬಲ, ಇನ್ನೊಂದಕ್ಕೆ ಅರ್ಧ, ಮತ್ತೊಂದರಲ್ಲಿ ಮಕ್ಕಳೇ ಒಬ್ಬರಿಗೊಬ್ಬರು. ತನ್ನ ಮೆಟ್ಟಿಲು ಯಾವುದು, ತನ್ನ ಕಾರ್ಡು ಯಾವುದು ಎಂದು ಪ್ರತಿ ಮಗುವಿಗೂ ಗೊತ್ತು. ಎದ್ದು ಹೋಗಿ ತಟ್ಟೆಯಿಂದ ಕಾರ್ಡು ತರುತ್ತದೆ, ಗೋಡೆಯ ಕೆಳಭಾಗದ ಕಪ್ಪುಹಲಗೆಯಲ್ಲಿ ಬರೆಯುತ್ತದೆ. ಆ ಕೋಣೆಯಲ್ಲಿ ಸದ್ದು ಇರುತ್ತದೆ, ಗದ್ದಲ ಇರುವುದಿಲ್ಲ. ಸೂಜಿ ಬಿದ್ದರೂ ಕೇಳಿಸಬೇಕು ಎಂಬ ಹಳೆಯ ಅಳತೆಯಿಂದ ನೋಡುವ ಅಧಿಕಾರಿಗೆ ಅದು ಅಶಿಸ್ತಾಗಿ ಕಾಣುತ್ತದೆ. ಮಗುವಿಗೆ ಮಾಡಲು ಕೆಲಸವಿದ್ದರೆ ಅದನ್ನು ಕಟ್ಟಿಹಾಕುವ ಹಗ್ಗ ಬೇಕಿಲ್ಲ ಎಂದು ಆ ಕೋಣೆ ನನಗೆ ಕಲಿಸಿತು.

ದೊಡ್ಡ ಮಕ್ಕಳ ವಿಷಯ ಇಷ್ಟು ಸಲೀಸಲ್ಲ. ಏಳನೇ ತರಗತಿಯ ಹುಡುಗನೊಬ್ಬ ಚಿಕ್ಕವರ ಕಂಪಾಸು, ಪೆನ್ನು, ಸಂತೆಯ ದಿನದ ಚಿಲ್ಲರೆ ಕಿತ್ತುಕೊಳ್ಳುತ್ತಿದ್ದ. ಕೊಡದಿದ್ದರೆ ಹೊಡೆಯುತ್ತಿದ್ದ. ಬೆತ್ತ ಬಿಟ್ಟ ಮೇಲೆ ನನ್ನ ಎದುರಿಗೆ ಬಂದ ನಿಜವಾದ ಪರೀಕ್ಷೆ ಅವನೇ. ಕಿತ್ತುಕೊಂಡದ್ದನ್ನು ಎಲ್ಲರ ಮುಂದಲ್ಲ, ಕಳೆದುಕೊಂಡವನ ಮುಂದೆ ಹಿಂದಿರುಗಿಸಬೇಕು ಎಂದು ಮಾಡಿದೆವು. ಆಟದ ಹೊತ್ತಿನಲ್ಲಿ ಚಿಕ್ಕವರಿರುವ ಕಡೆ ಒಬ್ಬ ಶಿಕ್ಷಕರು ನಿಲ್ಲುವಂತೆ ಪಾಳಿ ಹಾಕಿದೆವು, ಏಕೆಂದರೆ ಅವನ ಮನಸ್ಸು ಬದಲಾಗುವ ತನಕ ಉಳಿದವರು ಪೆಟ್ಟು ತಿನ್ನುತ್ತ ಕಾಯಬೇಕಾಗಿಲ್ಲ. ಅವನ ಮನೆಗೆ ಹೋದೆ. ಅಲ್ಲಿ ಅವನಿಗಿಂತ ದೊಡ್ಡವರು ಅವನಿಂದ ಏನನ್ನು ಹೇಗೆ ಕಿತ್ತುಕೊಳ್ಳುತ್ತಿದ್ದರು ಎಂದು ನೋಡಿದೆ. ಅವನು ಪೂರ್ತಿ ಬದಲಾದ ಎಂದು ಹೇಳಿದರೆ ಸುಳ್ಳಾಗುತ್ತದೆ. ಕಡಿಮೆಯಾಯಿತು. ಆಮೇಲೆ ಟಿ.ಸಿ. ತೆಗೆದುಕೊಂಡು ಬೇರೆ ಊರಿಗೆ ಹೋದ. ಅವನ ವಿಷಯದಲ್ಲಿ ನಾನು ಗೆಲ್ಲಲಿಲ್ಲ. ಹೊಡೆದಿದ್ದರೆ ಗೆಲ್ಲುತ್ತಿದ್ದೆ ಎಂದು ಮಾತ್ರ ನನಗೆ ಒಂದು ದಿನವೂ ಅನ್ನಿಸಿಲ್ಲ. ಹೊಡೆತ ಏನೆಂದು ಅವನಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು.

ಊರಿನ ಕೈ ಸೇರದೆ ಇದೆಲ್ಲ ಆಗುವುದಿಲ್ಲ. ರಾಜಾ ರಾಮಣ್ಣ ಅವರ ನೇತೃತ್ವದ ಶಿಕ್ಷಣ ಕಾರ್ಯಪಡೆಯ ಸಲಹೆಯ ಮೇಲೆ 2001ರಲ್ಲಿ ನಮ್ಮ ರಾಜ್ಯ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳನ್ನು ಮಾಡಿತು. ನಾವು ಎಸ್‌ಡಿಎಂಸಿ ಎನ್ನುವುದು ಅದನ್ನೇ. ಶಿಕ್ಷಣ ಹಕ್ಕು ಕಾಯ್ದೆ ಬರುವ ಎಂಟು ವರ್ಷ ಮೊದಲೇ ಕರ್ನಾಟಕ ಮಾಡಿದ ಕೆಲಸವಿದು. ಕಾಯ್ದೆಯ ಪ್ರಕಾರ ಇಂಥ ಸಮಿತಿಯ ಮುಕ್ಕಾಲು ಪಾಲು ಸದಸ್ಯರು ಪೋಷಕರು, ಅರ್ಧ ಮಂದಿ ಮಹಿಳೆಯರು. ಆದರೆ ತಾಯಂದಿರು ಸಭೆಯಲ್ಲಿ ಹಿಂದೆ ಕೂತು ಸಹಿ ಹಾಕಿ ಹೋಗುವುದನ್ನೇ ನಾನು ಹೆಚ್ಚಾಗಿ ಕಂಡೆ. ಒಮ್ಮೆ ಸಭೆಯನ್ನು ಹೆಣ್ಣುಮಕ್ಕಳ ಶೌಚಾಲಯದ ಬಾಗಿಲ ಬಳಿ, ಬಿಸಿಲಿನಲ್ಲಿ ನಿಂತೇ ಮಾಡಿದೆ. ಚಿಲಕ ಇರಲಿಲ್ಲ. ಇಬ್ಬರು ತಾಯಂದಿರು ಅಂದೇ ಮಾತಾಡಿದರು. ಚಿಲಕ ಆ ವಾರವೇ ಬಂತು. ಚಿಲಕವಿಲ್ಲದ ಆ ಬಾಗಿಲ ಕಾರಣಕ್ಕೆ ಆರು, ಏಳನೇ ತರಗತಿಯ ಹುಡುಗಿಯರು ಬೆಳಗಿನಿಂದ ಸಂಜೆಯವರೆಗೆ ನೀರು ಕುಡಿಯದೆ ಕೂರುತ್ತಿದ್ದರು ಎಂಬುದು ನನಗೆ ತಿಳಿದದ್ದೂ ಆ ಸಭೆಯಲ್ಲೇ.

ಒಂದು ಎಚ್ಚರಿಕೆ ಹೇಳಿ ಮುಂದೆ ಹೋಗುತ್ತೇನೆ. ಸ್ವಚ್ಛತೆಯ ಹೆಸರಿನಲ್ಲಿ ಮಕ್ಕಳಿಂದ ಶೌಚಾಲಯ ತೊಳೆಸುವುದು, ಅದರಲ್ಲೂ ಕೆಲವು ಮನೆಯ ಮಕ್ಕಳನ್ನೇ ಆರಿಸಿ ತೊಳೆಸುವುದು, ಶಿಸ್ತಲ್ಲ. 2023ರ ಕೊನೆಯಲ್ಲಿ ಕೋಲಾರ ಜಿಲ್ಲೆಯ ವಸತಿ ಶಾಲೆಯೊಂದರಲ್ಲಿ ಮಕ್ಕಳನ್ನು ಮಲದ ಗುಂಡಿಗೆ ಇಳಿಸಿದ ಸುದ್ದಿ ಓದಿ ಇಡೀ ರಾಜ್ಯ ತಲೆತಗ್ಗಿಸಿತು. ಗುಂಡಿಯ ವಿಷಾನಿಲಕ್ಕೆ ದೊಡ್ಡವರೇ ಸಾಯುತ್ತಾರೆ. ಶಿಸ್ತಿನ ಹೆಸರೂ ಸುರಕ್ಷತೆಯ ಹೊಣೆಯೂ ಒಟ್ಟಿಗೆ ಮಣ್ಣುಪಾಲಾದದ್ದು ಅಲ್ಲಿ.

ಕಡೆಯದಾಗಿ, ಗೋಡೆ ಬಿದ್ದ ಮೇಲೆ ನಮ್ಮ ಶಾಲೆಯಲ್ಲಿ ನಾವು ಮಾಡಿದ ಒಂದು ಸಣ್ಣ ಕೆಲಸ. ಶನಿವಾರ ಬೆಳಗಿನ ಕವಾಯತು ಮುಗಿದ ಮೇಲೆ ಶಾಲಾ ಸಂಸತ್ತಿನ ಮಂತ್ರಿಗಳೂ ಬೇಕೆನ್ನುವ ಬೇರೆ ಮಕ್ಕಳೂ ಹದಿನೈದು ನಿಮಿಷ ಶಾಲೆಯನ್ನು ಸುತ್ತುವುದು, ಹೋಗಬಾರದು ಎಂದ ಜಾಗಕ್ಕೂ ಒಬ್ಬ ಶಿಕ್ಷಕರ ಜೊತೆ ಹೋಗುವುದು. ಕಂಡದ್ದನ್ನು ಒಂದು ಪುಸ್ತಕದಲ್ಲಿ ಬರೆಯುವುದು. ಪುಸ್ತಕ ಇಡೀ ವಾರ ಜಗಲಿಯಲ್ಲೇ ದಾರ ಕಟ್ಟಿ ತೂಗಿರುತ್ತದೆ, ಯಾರು ಬೇಕಾದರೂ ಯಾವಾಗ ಬೇಕಾದರೂ ಬರೆಯಬಹುದು. ಮೂರು ಕಲಂ: ತಾರೀಖು, ಕಂಡದ್ದು, ಮಾಡಿದ್ದು. ಬರೆದವರ ಹೆಸರಿಗೆ ಕಲಂ ಇಡಲಿಲ್ಲ. ಅಲ್ಲಿಗೆ ಹೇಗೆ ಹೋದೆ ಎಂದು ಯಾರೂ ಕೇಳಬಾರದು ಎಂಬುದು ಶಿಕ್ಷಕರಿಗೆ ಹಾಕಿದ ನಿಯಮ. ಮೊದಲ ತಿಂಗಳು ಏನೂ ಬರಲಿಲ್ಲ. ಆಮೇಲೆ ಬಂತು. ಐದನೇ ಕೋಣೆಯ ಮೇಲೆ ಹಂಚು ಜಾರಿದೆ. ಮಾವಿನ ಮರಕ್ಕೆ ಹೆಜ್ಜೇನು ಕಟ್ಟಿದೆ. ನೀರಿನ ತೊಟ್ಟಿಯ ಮುಚ್ಚಳ ಇಲ್ಲ, ಹಲ್ಲಿ ಬಿದ್ದಿತ್ತು. ಗ್ಯಾಸಿನ ವಾಸನೆ ಬಂತು. ಬಸ್ಸಿನಲ್ಲಿ ಒಬ್ಬ ಅಂಕಲ್ ದಿನಾ ಪಕ್ಕ ಬಂದು ಕೂರುತ್ತಾನೆ. ಈ ಕಡೆಯದು ಬಂದ ದಿನ ನಾನು ಪುಸ್ತಕದ ಮುಂದೆ ಬಹಳ ಹೊತ್ತು ನಿಂತಿದ್ದೆ. ಆ ಬಸ್ಸಿಗೆ ಮರುದಿನದಿಂದ ಒಬ್ಬ ಶಿಕ್ಷಕಿ ಹತ್ತಿದರು. ಉಳಿದ ವಿಚಾರಣೆಯೂ ನಡೆಯಿತು.

ನಾನು ನಿವೃತ್ತಳಾಗುವ ವರ್ಷ ನಮ್ಮಲ್ಲಿಗೆ ಒಬ್ಬ ಸಹಶಿಕ್ಷಕರು ವರ್ಗವಾಗಿ ಬಂದರು. ಗಣಿತ ಚೆನ್ನಾಗಿ ಹೇಳಿಕೊಡುವವರು, ಮಕ್ಕಳ ಮೇಲೆ ಕಾಳಜಿ ಇದ್ದವರು, ಹಳೆಯ ರೂಢಿಯವರು. ಒಂದು ಸೋಮವಾರ ಪುಸ್ತಕ ತೆರೆದೆ. ಜಾರಿದ ಹಂಚು, ತುಕ್ಕು ಹಿಡಿದ ಜಾರುಬಂಡೆ ಇವುಗಳ ಕೆಳಗೆ ಗುಂಡಗಿನ ಅಕ್ಷರದಲ್ಲಿ ಒಂದು ಸಾಲು: ‘ಆರನೇ ಕ್ಲಾಸಿನ ಬೀರು ಮೇಲೆ ಬೆತ್ತ ಇದೆ.’ ನಾನು ಏನೂ ಹೇಳದೆ ಪುಸ್ತಕವನ್ನು ಅವರ ಮೇಜಿನ ಮೇಲಿಟ್ಟು ಬಂದೆ. ಎರಡು ದಿನ ಅವರು ನನ್ನ ಜೊತೆ ಹೆಚ್ಚು ಮಾತಾಡಲಿಲ್ಲ. ಗುರುವಾರ ಪುಸ್ತಕ ಮತ್ತೆ ಜಗಲಿಯ ದಾರಕ್ಕೆ ಬಂದಿತ್ತು. ಮೂರನೆಯ ಕಲಂನಲ್ಲಿ ಅವರ ಕೈಬರಹದಲ್ಲಿ ತಾರೀಖು, ಅದರ ಪಕ್ಕ ಒಂದೇ ಪದ: ‘ತೆಗೆದಿದ್ದೇನೆ.’